ನೀರು ತಾಗಿಸಬಾರದು

ಏಪ್ರಿಲ್ 3, ಸೋಮವಾರ

ಒಂಬತ್ತರಲ್ಲಿ ಆರು ಮುಗಿದವು. ಪಿಎಚ್‌ಡಿ ಸಲ್ಲಿಸಲು ಏನೇನಾಗಬೇಕು ಎಂದು ಆಫೀಸಿನ ಗುಮಾಸ್ತರು ಕೊಟ್ಟ ಪಟ್ಟಿಯನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದೇನೆ. ಕೋರ್ಸ್‌ವರ್ಕ್, ಆಯ್ತು. ಅರ್ಹತಾ ಪರೀಕ್ಷೆ, ಆಯ್ತು. ಪ್ರಗತಿ ವರದಿಗಳು, ಹನ್ನೊಂದೂ ಆಯ್ತು. ಪ್ರಕಟವಾದ ಎರಡು ಲೇಖನ, ಆಯ್ತು. ಕೃತಿಚೌರ್ಯದ ತಪಾಸಣೆ, ಆಯ್ತು. ಥೀಸಿಸ್ ಸಲ್ಲಿಸುವ ಮುಂಚಿನ ಸೆಮಿನಾರ್, ಮೊನ್ನೆ ಶುಕ್ರವಾರ ಅದೂ ಆಯ್ತು. ಉಳಿದದ್ದು ಸೆಮಿನಾರಿನಲ್ಲಿ ಹೇಳಿದ ತಿದ್ದುಪಡಿ, ಲ್ಯಾಬಿನ ಸಾಮಾನು ಒಪ್ಪಿಸಿದ ಪತ್ರ, ಕೊನೆಗೆ ನನ್ನ ಘೋಷಣಾ ಪತ್ರ. ಮೇ 31ಕ್ಕೆ ನನ್ನ ನೋಂದಣಿಯ ಆರು ವರ್ಷ ಮುಗಿಯುತ್ತದೆ. ಅದರ ಮೇಲೆ ಒಂದು ದಿನವೂ ಇಲ್ಲ ಎಂದು ಗುಮಾಸ್ತರು ಮೂರು ಸಲ ಹೇಳಿದರು. ನಾನೇನು ಕಿವುಡಿಯೇ?

ಅತ್ತೆ ಆಗಲೇ ಮೆಟ್ಟಿಲ ಮೇಲೆ ಸಿಕ್ಕವರಿಗೆಲ್ಲ ಹೇಳಿಕೊಂಡು ಬಂದಿದ್ದಾರೆ. "ನಮ್ ಸೊಸೆ ಡಾಕ್ಟರ್ ಆಗ್ತಾಳೆ. ಸೂಜಿ ಚುಚ್ಚೋ ಡಾಕ್ಟರ್ ಅಲ್ಲ, ನೀರಿನ ಡಾಕ್ಟರ್." ಮೂರನೇ ಮಹಡಿಯವರು ಬಂದು, ನಮ್ಮ ನಲ್ಲಿ ಸೋರ್ತಿದೆ, ಸ್ವಲ್ಪ ನೋಡ್ತೀರಾ ಎಂದು ಕೇಳಿದರು.

ತಿದ್ದುಪಡಿಯೋ, ನಗು ಬರಬೇಕು. ಹೊರಗಿನಿಂದ ಬಂದಿದ್ದ ಪರೀಕ್ಷಕರು ನನ್ನ ಎರಡನೇ ಲೇಖನವನ್ನು ಹೊಗಳಿದರು. ಹನ್ನೆರಡು ಕೈಪಂಪುಗಳ ನೀರು, ಹನ್ನೊಂದು ಶುದ್ಧ, ಹನ್ನೆರಡನೆಯದರಲ್ಲಿ ಮಾತ್ರ ನೈಟ್ರೇಟ್ ಮಿತಿ ಮೀರಿದೆ. ಲೀಟರಿಗೆ ನಲವತ್ತೈದು ಮಿಲಿಗ್ರಾಂ ಮಿತಿ. ಅಲ್ಲಿ ಮೂರು ಸಲ ಅಳೆದಾಗ 58, 71, 64. ಹಸುಗೂಸುಗಳ ಮೈ ನೀಲಿಗಟ್ಟಿಸುವ ನೀರು. ಲೇಖನ ಬಂದ ತಿಂಗಳೇ ಆರೋಗ್ಯಾಧಿಕಾರಿ ಆ ಪಂಪನ್ನು ಮುಚ್ಚಿಸಿದರು. ಇಷ್ಟೆಲ್ಲ ಹೊಗಳಿದ ಮೇಲೆ ಪರೀಕ್ಷಕರು, "ಎಲ್ಲಾ ಬಾಟ್ಲಿಗಳ ಬ್ಲಾಂಕ್ ಟೇಬಲ್ ಒಂದು ಸೇರಿಸಿಬಿಡಿ" ಅಂದರು. ಎಂದರೆ, ಏನೂ ಇಲ್ಲದ ನೀರನ್ನು ಬಾಟ್ಲಿಗೆ ತುಂಬಿ, ಅಳೆದು, ಏನೂ ಇಲ್ಲ ಎಂದು ತೋರಿಸಬೇಕು. ಇದಕ್ಕೊಂದು ಟೇಬಲ್ಲು! ನನ್ನಷ್ಟು ಚೊಕ್ಕಟವಾಗಿ ಬಾಟ್ಲಿ ಇಟ್ಟುಕೊಳ್ಳುವವರು ಇಡೀ ವಿಭಾಗದಲ್ಲಿ ಇನ್ನೊಬ್ಬರಿಲ್ಲ.

ಅದಕ್ಕಾಗಿ ಬಾಟ್ಲಿಯಮ್ಮನ ಹಿಂದೆ ದಿನಾ ಬೀಳಬೇಕು, ಅದು ಬೇರೆ ಮಾತು. ಬಾಟ್ಲಿ ತೊಳೆಯುವ ಅಟೆಂಡರಿಗೆ ವಿದ್ಯಾರ್ಥಿಗಳು ಇಟ್ಟ ಹೆಸರು ಅದು. ಇವತ್ತು ಆಸಿಡ್ ಟಬ್ಬಿನ ಮುಚ್ಚಳ ಸರಿಯಾಗಿ ಹಾಕಿರಲಿಲ್ಲ. ಗದರಿದೆ. "ಸರಿ ಮೇಡಂ" ಅಂದಳು. ಆ "ಸರಿ ಮೇಡಂ" ಕೇಳಿದರೇ ನನಗೆ ಮೈ ಉರಿಯುತ್ತದೆ.

ಏಪ್ರಿಲ್ 5, ಬುಧವಾರ

ಅರವತ್ತೊಂದು.

ಏನೂ ಇಲ್ಲದ ನೀರು. ನಾನೇ ಬಟ್ಟಿ ಇಳಿಸಿದ್ದು. ಹನ್ನೆರಡನೇ ಪಂಪಿನ ಬಾಟ್ಲಿಗೆ ತುಂಬಿ ಅಳೆದೆ. ಮಿಶಿನ್ ಕೆಟ್ಟಿರಬೇಕು ಎಂದುಕೊಂಡೆ. ಅದೇ ಪಂಪಿನ ಇನ್ನೊಂದು ಬಾಟ್ಲಿ, 66. ಮೂರನೆಯದು, 59. ಉಳಿದ ಹನ್ನೊಂದು ಪಂಪುಗಳ ಬಾಟ್ಲಿಗಳಲ್ಲಿ ಸೊನ್ನೆ, ಸೊನ್ನೆ, ಸೊನ್ನೆ. ಮಿಶಿನ್‌ಗೆ ಏನೂ ಆಗಿಲ್ಲ.

ಆ ಹನ್ನೊಂದಕ್ಕೆ ಹೊಸ ಬಾಟ್ಲಿ ಬಳಸಿದ್ದೆ, ಅವು ಆಸಿಡ್ ಕಂಡೇ ಇಲ್ಲ. ಪೆಟ್ಟಿಗೆ ಖಾಲಿಯಾಗಿ ಕೊನೆಯ ಪಂಪಿಗೆ ಸಾಲದೇ ಹೋದಾಗ, ಸೀಸ ಅಳೆಯಲು ಇಟ್ಟಿದ್ದ ಹಳೆಯ ಬಾಟ್ಲಿಗಳನ್ನು ಆಸಿಡ್ ಟಬ್ಬಿನಿಂದ ತೆಗೆದುಕೊಂಡೆ. ಲೇಬಲ್ ಬರೆದೆ. ಒಂದೊಂದು ಪಂಪಿಗೆ ಅದರದೇ ಬಾಟ್ಲಿ, ಅದು ನನ್ನ ಶಿಸ್ತು. ಹಾಗಾಗಿ ಮೂರು ಸಲವೂ ಅದೇ ಬಾಟ್ಲಿಗಳು, ಮೂರು ಸಲವೂ ಅದೇ ಟಬ್ಬಿನಿಂದ, ಇವತ್ತೂ ಅಲ್ಲಿಂದಲೇ.

ಟಬ್ಬಿನಲ್ಲಿರುವುದು ನೈಟ್ರಿಕ್ ಆಸಿಡ್. ಬಾಟ್ಲಿಯ ಗೋಡೆಗೆ ನಾಲ್ಕು ಹನಿ ಅಂಟಿಕೊಂಡಿದ್ದರೂ ಸೀಸದ ಲೆಕ್ಕಕ್ಕೆ ಏನೂ ಆಗುವುದಿಲ್ಲ. ನೈಟ್ರೇಟಿನ ಲೆಕ್ಕಕ್ಕೆ? ಹೆಸರಲ್ಲೇ ಇದೆಯಲ್ಲ! ಹೈಸ್ಕೂಲಿನ ಹುಡುಗಿಗೂ ಗೊತ್ತಾಗುತ್ತದೆ. ನಾನು ಅಳೆದದ್ದು ಆ ಪಂಪಿನ ನೀರನ್ನಲ್ಲ, ನನ್ನ ಟಬ್ಬನ್ನು.

58, 71, 64 ಯಾಕೆ ಬೇರೆ ಬೇರೆ ಬಂತು ಎಂದು ಲೇಖನದಲ್ಲಿ ಎರಡು ಪುಟ ಬರೆದಿದ್ದೇನೆ. ಋತುಮಾನದ ಏರಿಳಿತವಂತೆ. ಥೂ.

ಏಪ್ರಿಲ್ 6, ಗುರುವಾರ

ಯಾರೂ ಬರುವ ಮುಂಚೆ ಲ್ಯಾಬಿಗೆ ಹೋದೆ. ತೊಟ್ಟಿಯ ಮೇಲಿನ ಗೋಡೆಯಲ್ಲಿ ಐದು ವರ್ಷದ ಹಿಂದೆ ನಾನು ಅಂಟಿಸಿದ ಚೀಟಿ ಇದೆ. ನನ್ನದೇ ಅಕ್ಷರ. "ಆಸಿಡ್‌ನಿಂದ ತೆಗೆದ ಮೇಲೆ ನೀರು ತಾಗಿಸಬಾರದು. ಕೊಡವಿ, ಮುಚ್ಚಿಡಿ." "ತಾಗಿಸಬಾರದು" ಎನ್ನುವುದರ ಕೆಳಗೆ ಎರಡು ಗೆರೆ. ತೊಳೆಯುವ ನೀರಿನಲ್ಲೇ ಸೀಸ ಇದ್ದುಬಿಟ್ಟರೆ ಎಂದು ಆಗ ಹೆದರಿ ಬರೆದದ್ದು.

ಎರಡು ವರ್ಷದ ಹಿಂದೆ ಹನ್ನೆರಡನೇ ಪಂಪಿಗೆ ಬಾಟ್ಲಿ ತೆಗೆಯುವಾಗ ಬಾಟ್ಲಿಯಮ್ಮ ಕೇಳಿದ್ದಳು. "ಮೇಡಂ, ಇದು ಬೇರೆ ಕೆಲ್ಸಕ್ಕಲ್ವಾ? ಒಂದ್ಸಲ ನೀರಲ್ಲಿ ಜಾಲಿಸ್ಲಾ?" ನಾನು ಚೀಟಿಯ ಕಡೆ ಬೆರಳು ತೋರಿಸಿ, "ಹೇಳಿದಷ್ಟು ಮಾಡು" ಅಂದಿದ್ದೆ. ಈ ಮಾತು ಇಷ್ಟು ದಿನ ನೆನಪೇ ಇರಲಿಲ್ಲ. ಈಗ ಬೇಡ ಬೇಡ ಎಂದರೂ ಕಿವಿಯಲ್ಲೇ ಇದೆ.

ಚೀಟಿಯನ್ನು ಕಿತ್ತು ಬ್ಯಾಗಿಗೆ ಹಾಕಿಕೊಂಡೆ. ಗೋಡೆಯಲ್ಲಿ ಚೌಕಾಕಾರದ ಬಿಳಿ ಗುರುತು ಉಳಿಯಿತು. ಒರೆಸಿದರೆ ಹೋಗುವಂಥದ್ದಲ್ಲ, ಸುತ್ತಲಿನ ಗೋಡೆಯೇ ಕೊಳೆಯಾಗಿದೆ.

ಹತ್ತು ಗಂಟೆಗೆ ಬಾಟ್ಲಿಯಮ್ಮ ಬಂದವಳೇ, "ಆ ಚೀಟಿ ಎಲ್ಲೋಯ್ತು ಮೇಡಂ?" ಅಂದಳು.

"ಹಳೇದಾಗಿತ್ತು. ತೆಗ್ದೆ."

"ಹೋಗ್ಲಿ ಬಿಡಿ, ನಂಗೆ ಬಾಯಿಪಾಠ ಇದೆ" ಎಂದು ಸೆರಗು ಸಿಕ್ಕಿಸಿ ಕೆಲಸಕ್ಕೆ ನಿಂತಳು.

ಏಪ್ರಿಲ್ 10, ಸೋಮವಾರ

ಪಂಪಿನ ಹತ್ತಿರ ಹೋಗಿದ್ದೆ. ಲೇಖನ ಬಂದ ಮೇಲೆ ಇದೇ ಮೊದಲು. ಹೋಗುವ ಅಗತ್ಯವೇನಿತ್ತು, ನನಗೆ ಬೇಕಾದ ನಂಬರು ಸಿಕ್ಕಿತ್ತಲ್ಲ.

ಹಿಡಿಕೆಗೆ ಸರಪಳಿ ಸುತ್ತಿ ಬೀಗ ಹಾಕಿದ್ದಾರೆ. ಕೆಂಪು ಫಲಕದಲ್ಲಿ "ಈ ನೀರು ಕುಡಿಯಲು ಯೋಗ್ಯವಲ್ಲ. ನೈಟ್ರೇಟ್ 71" ಎಂದು ಬರೆದಿದೆ. ಮೂರರಲ್ಲಿ ದೊಡ್ಡದನ್ನೇ ಆರಿಸಿದ್ದಾರೆ. ಹೆಂಗಸರು ದೊಡ್ಡ ರಸ್ತೆ ದಾಟಿ ಆಚೆಯ ಟ್ಯಾಂಕಿನಿಂದ ನೀರು ತರುತ್ತಿದ್ದರು. ಲಾರಿಗಳು ನಿಲ್ಲುವುದೇ ಇಲ್ಲ, ಕೊಡ ಇಟ್ಟುಕೊಂಡು ಕಾಯುತ್ತಾರೆ, ಸಂದು ಸಿಕ್ಕಾಗ ಓಡುತ್ತಾರೆ. ಬಾಗಿಲಲ್ಲಿ ಕೂತಿದ್ದ ಒಬ್ಬ ಅಜ್ಜಿಯನ್ನು, ಎಷ್ಟು ದಿನದಿಂದ ಹೀಗೆ ಎಂದು ಕೇಳಿದೆ.

"ಎಂಟು ತಿಂಗ್ಳಾಯ್ತು ಕಣಮ್ಮ. ನನ್ ಸೊಸೆ ಹೋದ ತಿಂಗ್ಳು ಆ ರಸ್ತೇಲೇ ಜಾರಿ ಬಿದ್ದು ಕೈ ಮುರ್ಕೊಂಡ್ಲು. ಏನ್ ಮಾಡೋದು, ವಿಷ ಕುಡಿಯೋಕಾಗುತ್ತಾ? ಯಾರೋ ಓದಿರೋ ಹೆಣ್ಮಗಳಂತೆ, ನೋಡಿ ಹೇಳಿದ್ಲಂತೆ. ಇಲ್ದಿದ್ರೆ ನಮ್ ಕೂಸುಗಳು ಉಳೀತಿದ್ವಾ? ಆ ಪುಣ್ಯಾತ್ಗಿತ್ತಿ ಎಲ್ಲೇ ಇರ್ಲಿ, ಚೆನ್ನಾಗಿರ್ಲಿ."

ಒಳಗಿಂದ ಸೊಸೆ ಬಂದಳು, ಕೈಗೆ ಬಿಳಿಯ ಪಟ್ಟು. ನನಗೆ ಕುಡಿಯಲು ನೀರು ಬೇಕಾ ಎಂದು ಕೇಳಿದಳು. ಬೇಡ ಅಂದೆ. ಭೂಮಿ ಬಾಯಿ ಬಿಡಬಾರದೇ ಅನ್ನುತ್ತಾರಲ್ಲ, ಅದು ಸುಮ್ಮನೆ ಆಡುವ ಮಾತು ಎಂದುಕೊಂಡಿದ್ದೆ.

ಏಪ್ರಿಲ್ 11, ಮಂಗಳವಾರ

ಏನೂ ಮಾಡಲಿಲ್ಲ. ತಲೆನೋವು ಎಂದು ಹೇಳಿ ಮಲಗಿದೆ. ಇವರು ಕೆಲಸಕ್ಕೆ ಹೋಗುವ ಮುಂಚೆ ಹಣೆ ಮುಟ್ಟಿ ನೋಡಿ, ಜ್ವರ ಇಲ್ಲವಲ್ಲ ಅಂದರು.

ಏಪ್ರಿಲ್ 13, ಗುರುವಾರ

ಆರೋಗ್ಯಾಧಿಕಾರಿಯ ಕಚೇರಿಯಿಂದ ಬೀಗದ ಕೈ ತಂದೆ. "ಸುಮ್ನೆ ವಾರ್ಷಿಕ ತಪಾಸಣೆ ಸರ್" ಎಂದು ಸುಳ್ಳು ಹೇಳಿದೆ. ಹೊಸ ಬಾಟ್ಲಿ, ಪಂಪಿನ ನೀರಿನಲ್ಲೇ ಮೂರು ಸಲ ಜಾಲಿಸಿ ತುಂಬಿದೆ.

ಆರು. ಎಪ್ಪತ್ತೊಂದಲ್ಲ, ಆರು. ಹನ್ನೆರಡರಲ್ಲಿ ಎಲ್ಲಕ್ಕಿಂತ ಒಳ್ಳೆಯ ನೀರು.

ಏಪ್ರಿಲ್ 17, ಸೋಮವಾರ

ಗೈಡ್‌ಗೆ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು.

"ಲೇಖನ ವಾಪಸ್ ತಗೊಂಡ್ರೆ ಎರಡರಲ್ಲಿ ಒಂದೇ ಉಳಿಯುತ್ತೆ. ಎರಡಿಲ್ದೆ ಥೀಸಿಸ್ ಒಳಗೇ ತಗೊಳಲ್ಲ. ಗೊತ್ತು ತಾನೇ?"

"ಗೊತ್ತು ಸರ್."

"ಮೊದ್ಲು ಸಲ್ಲಿಸು. ಡಿಗ್ರಿ ಕೈಗೆ ಬರ್ಲಿ. ಆಮೇಲೆ ನಿಧಾನಕ್ಕೆ ಒಂದು ತಿದ್ದುಪಡಿ ಕಳ್ಸೋಣ. ತೊಳೆಯೋ ಸಿಬ್ಬಂದಿ ಲೋಪ ಅಂತ ಒಂದು ಸಾಲು ಬರೆದ್ರೆ ಮುಗೀತು. ಆಕೆ ಜಾಲಿಸಿಲ್ಲ ಅನ್ನೋದು ನಿಜ ತಾನೇ?"

ನಿಜ. ಜಾಲಿಸಿಲ್ಲ ಅನ್ನುವುದು ಅಕ್ಷರಶಃ ನಿಜ. ನಾನು "ಸರಿ ಸರ್" ಅಂದೆ.

ಏಪ್ರಿಲ್ 19, ಬುಧವಾರ

ಗೈಡ್ ಇವತ್ತು ಲ್ಯಾಬಿಗೇ ಬಂದು ಬಾಟ್ಲಿಯಮ್ಮನನ್ನು ಎಲ್ಲರೆದುರು ತರಾಟೆಗೆ ತೆಗೆದುಕೊಂಡರು. "ಇಷ್ಟು ವರ್ಷ ಆಯ್ತು, ಒಂದು ಬಾಟ್ಲಿ ತೊಳೆಯೋಕೆ ಬರಲ್ವಾ? ನಿನ್ನಿಂದ ಒಬ್ಬರ ಆರು ವರ್ಷದ ಕೆಲಸ ನೀರಲ್ಲಿ ಹೋಗ್ತಿತ್ತು. ಜೂನ್‌ಗೆ ಕಾಂಟ್ರಾಕ್ಟ್ ಮುಗಿಯುತ್ತಲ್ಲ, ಆಗ ನೋಡ್ಕೊಳ್ತೀನಿ." ಒಂದು ಮೆಮೋ ಕೂಡ ಕೊಟ್ಟರು.

ಅವಳು ಗೋಡೆಯ ಬಿಳಿ ಗುರುತನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. "ಸರಿ ಸರ್" ಅಂದಳು.

ನಾನು ಕಪಾಟಿನ ಮುಂದೆ ನಿಂತು ಶೀಶೆಗಳ ಲೇಬಲ್ ಓದುತ್ತಿದ್ದೆ. ಸೋಡಿಯಂ ಕ್ಲೋರೈಡ್. ಸೋಡಿಯಂ ಕ್ಲೋರೈಡ್. ಅದನ್ನೇ ಎಷ್ಟು ಸಲ ಓದಿದೆನೋ.

ಏಪ್ರಿಲ್ 24, ಸೋಮವಾರ

ಲ್ಯಾಬಿನ ಸಾಮಾನು ಒಪ್ಪಿಸಿದ ಪತ್ರಕ್ಕೆ ಸಹಿ ಹಾಕಬೇಕಾದದ್ದು ಯಾರು? ಬಾಟ್ಲಿಯಮ್ಮ. ಆರು ವರ್ಷದಲ್ಲಿ ಈ ನಿಯಮವನ್ನು ನಾನು ಓದಿಯೇ ಇರಲಿಲ್ಲ. ನೆಲದ ಮೇಲೆ ಕೂತು ನಲವತ್ತೆಂಟು ಬಾಟ್ಲಿಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ಎಣಿಸಿದಳು. ಸುಮ್ಮನಿರಲಾಗದೆ ನಾನೇ ಕೇಳಿದೆ.

"ಆವತ್ತು ಸರ್ ಎದುರು ಯಾಕೆ ಏನೂ ಹೇಳ್ಲಿಲ್ಲ?"

"ಏನ್ ಹೇಳ್ಲಿ ಮೇಡಂ? ನಾನು ಹೇಳಿದ್ರೆ ಅದು ನನ್ ಬಾಯಿಮಾತು. ಚೀಟಿ ಹೇಳಿದ್ರೆ ನಿಮ್ ಕೈಬರಹ. ಚೀಟಿ ನಿಮ್ ಹತ್ರ ಇದೆ."

ಸಹಿ ಹಾಕಿದಳು. ಅಕ್ಷರ ಒತ್ತಿ ಒತ್ತಿ, ನಿಧಾನವಾಗಿ. "ಒಂದೂ ಒಡೆದಿಲ್ಲ, ಒಂದೂ ಕಮ್ಮಿ ಇಲ್ಲ" ಎಂದು ಪತ್ರವನ್ನು ನನ್ನ ಕೈಗೆ ಕೊಟ್ಟಳು. ಬೈದಿದ್ದರೆ ತಿರುಗಿ ಬೈಯಬಹುದಿತ್ತು.

ಮೇ 2, ಮಂಗಳವಾರ

ಒಂಬತ್ತರಲ್ಲಿ ಎಂಟು. ಬ್ಲಾಂಕ್ ಟೇಬಲ್ಲನ್ನೂ ಸೇರಿಸಿದೆ, ಹನ್ನೊಂದು ಪಂಪುಗಳದ್ದು ಮಾತ್ರ. ಉಳಿದದ್ದು ಘೋಷಣಾ ಪತ್ರ. "ಈ ಪ್ರಬಂಧದಲ್ಲಿರುವುದೆಲ್ಲ ನನ್ನ ಅರಿವಿಗೆ ಬಂದಂತೆ ಸತ್ಯ." ಒಂದು ಸಹಿ. ಬೆಳಿಗ್ಗೆಯಿಂದ ಪೆನ್ನು ಹಿಡಿದು ಕೂತಿದ್ದೇನೆ. ಮೊದಲು ಪೆನ್ನು ಬರೆಯುತ್ತಿಲ್ಲ ಎಂದು ಬೇರೆ ಹುಡುಕಿದೆ. ಅದೂ ಚೆನ್ನಾಗಿಯೇ ಬರೆಯುತ್ತಿತ್ತು.

ಅತ್ತೆ ಪಕ್ಕದಲ್ಲಿ ಬಟ್ಟೆ ಮಡಚುತ್ತಿದ್ದರು. "ಏನಾಗಿದೆ ನಿಂಗೆ? ತಿಂಗಳಿಂದ ನೋಡ್ತಿದೀನಿ, ಮುಖ ಹಿಂಡಿದ ಬಟ್ಟೆ ಆಗಿದೆ. ಅವನೇನಾದ್ರೂ ಅಂದ್ನಾ?"

"ಅವರೇನೂ ಅಂದಿಲ್ಲ ಅತ್ತೆ."

ಹೇಳಿಬಿಟ್ಟೆ. ಎಲ್ಲವನ್ನೂ, ಚೀಟಿ ಕಿತ್ತದ್ದನ್ನೂ. ಹೋಗ್ಲಿ ಬಿಡು ಅನ್ನುತ್ತಾರೆ ಎಂದುಕೊಂಡಿದ್ದೆ. ನಿಜ ಹೇಳಬೇಕೆಂದರೆ ಅದಕ್ಕೇ ಹೇಳಿದ್ದು. ಅತ್ತೆ ಎರಡು ಲಂಗ ಮಡಚಿ ಮುಗಿಸಿದರು.

"ಆ ಹೆಂಗಸ್ರು ಇವತ್ತೂ ರಸ್ತೆ ದಾಟಿ ನೀರು ತಂದ್ರಾ?"

"ಹೂಂ."

"ನಿಂಗೆ ಗೊತ್ತಾಗಿ ಎಷ್ಟು ದಿನ ಆಯ್ತು?"

ಬೆರಳು ಮಡಚಿ ಎಣಿಸಿದೆ. "ಇಪ್ಪತ್ತೇಳು."

"ಡಿಗ್ರಿ ನಿಂದು, ಬೇಕೋ ಬೇಡ್ವೋ ನೀನೇ ನೋಡ್ಕೊ. ಆದ್ರೆ ಹೊರ್ತಾ ಇರೋದು ಅವರು."

ಸಂಜೆ ಮೆಟ್ಟಿಲ ಮೇಲೆ ಯಾರೋ ನನ್ನ ಸುದ್ದಿ ಎತ್ತಿದಾಗ ಅತ್ತೆ ಮಾತು ತಿರುಗಿಸಿದ್ದು ಕೇಳಿಸಿತು. ಅಳು ಬಂತು. ಬಾಟ್ಲಿಯಮ್ಮ ಕೂಡ ಮನೆಗೆ ಹೋಗಿ ಯಾರಿಗಾದರೂ ಹೇಳಿಕೊಂಡಿರಬಹುದೇ? ಆಕೆಯ ಮನೆಯಲ್ಲಿ ಯಾರಿದ್ದಾರೆ ಎಂಬುದೇ ನನಗೆ ಗೊತ್ತಿಲ್ಲ.

ಮೇ 8, ಸೋಮವಾರ

ಮೂರು ಕಾಗದ ಬರೆದೆ. ಲೇಖನ ಪ್ರಕಟಿಸಿದ ಪತ್ರಿಕೆಯ ಸಂಪಾದಕರಿಗೆ, ಆರೋಗ್ಯಾಧಿಕಾರಿಗೆ, ವಿಭಾಗದ ಮುಖ್ಯಸ್ಥರಿಗೆ. ಬರೆಯಲು ನಾಲ್ಕು ದಿನ ಹಿಡಿಯಿತು. ಮೊದಲ ಸಲ "ತೊಳೆಯುವ ಹಂತದಲ್ಲಿ ಲೋಪವಾಗಿದೆ" ಎಂದು ಬರೆದೆ. ನಮ್ಮ ಭಾಷೆಯಲ್ಲಿ ಇದೊಂದು ಅನುಕೂಲ, ಮಾಡಿದವರೇ ಇಲ್ಲದೆ ಎಲ್ಲವೂ ತಾನಾಗಿ ಆಗಿಬಿಡುತ್ತದೆ. ಹರಿದೆ. ಎರಡನೆಯದರಲ್ಲಿ "ನಮ್ಮಿಂದ ತಪ್ಪಾಗಿದೆ" ಅಂದೆ. ನಮ್ಮಿಂದ ಅಂದರೆ ಯಾರು, ನಾನೂ ಗೈಡೂ ಬಾಟ್ಲಿಯಮ್ಮನೂ ಆಸಿಡ್ ಟಬ್ಬೂ? ಅದನ್ನೂ ಹರಿದೆ. ಮೂರನೆಯದು ಹೀಗೆ: "ಬಾಟ್ಲಿಗೆ ನೀರು ತಾಗಿಸಬಾರದು ಎಂದು ನಾನೇ ಬರೆದು ಅಂಟಿಸಿದ್ದೆ. ಜಾಲಿಸಲೇ ಎಂದು ಸಹಾಯಕಿ ಕೇಳಿದರು. ನಾನು ಬೇಡ ಎಂದೆ. ತಪ್ಪು ತಿಳಿದ ಮೇಲೆ ಆ ಚೀಟಿಯನ್ನು ನಾನೇ ಬಚ್ಚಿಟ್ಟೆ. ಅದನ್ನು ಇದರೊಂದಿಗೆ ಲಗತ್ತಿಸಿದ್ದೇನೆ."

ಗೈಡ್ ಓದಿ ಕಾಗದವನ್ನು ಮೇಜಿನ ಮೇಲೆ ಬಿಸಾಕಿದರು. "ನಿನ್ ಕಾಲ್ ಮೇಲೆ ನೀನೇ ಕಲ್ಲು ಎತ್ತಿ ಹಾಕ್ಕೊಂಡೆ. ನನ್ ಕಾಲ್ ಮೇಲೂ ಹಾಕ್ದೆ. ಹೋಗು." ಹೊರಗೆ ಬಂದಾಗ ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ ಅನ್ನಿಸಿತು. ಕೆಲವರು ನಿಜವಾಗಿಯೂ ನೋಡುತ್ತಿದ್ದರು.

ಮೇ 19, ಶುಕ್ರವಾರ

ಲೇಖನ ರದ್ದಾಯಿತು. ಆಫೀಸಿನಲ್ಲಿ ಗುಮಾಸ್ತರು ನನ್ನ ಫೈಲು ತೆಗೆದು, ನಾಲ್ಕನೆಯ ಸಾಲಿನ "ಆಯ್ತು" ಮೇಲೆ ಸ್ಕೇಲ್ ಇಟ್ಟು ನೀಟಾಗಿ ಗೆರೆ ಎಳೆದರು. ಹನ್ನೆರಡು ದಿನದಲ್ಲಿ ಹೊಸ ಲೇಖನ ಎಲ್ಲಿಂದ ತರಲಿ? ಮತ್ತೆ ಹೊಸದಾಗಿ ನೋಂದಣಿ ಮಾಡಿಸಬೇಕು, ಕಡಿಮೆಯೆಂದರೆ ಮೂರು ವರ್ಷ, ಅದೂ ಯಾರಾದರೂ ಗೈಡ್ ಒಪ್ಪಿಕೊಂಡರೆ. "ಛೆ, ಕೈಗೆ ಬಂದಿತ್ತಲ್ಲಮ್ಮ" ಎಂದರು ಪಾಪ. ಹಿಂದಿನ ಸಾಲಿನಲ್ಲಿದ್ದ ಇಬ್ಬರು ಹುಡುಗಿಯರು ಪಿಸುಗುಟ್ಟಿದರು.

ಲ್ಯಾಬಿಗೆ ಹೋದೆ. ಬಾಟ್ಲಿ ತೊಳೆಯುವ ಅಕ್ಕನ ಮೇಲಿನ ಮೆಮೋವನ್ನು ಮುಖ್ಯಸ್ಥರು ವಾಪಸ್ ಪಡೆದು ಕಾಂಟ್ರಾಕ್ಟನ್ನು ಒಂದು ವರ್ಷ ಮುಂದುವರಿಸಿದ್ದಾರಂತೆ. ಅಕ್ಕ ತೊಟ್ಟಿಯ ಮುಂದೆ ನಿಂತಿದ್ದರು, ತಿರುಗಲಿಲ್ಲ. "ತಪ್ಪಾಯ್ತು ಅಕ್ಕ" ಅಂದೆ. ನಲ್ಲಿ ನಿಲ್ಲಿಸಿ ಕೈ ಒರೆಸಿಕೊಂಡರು.

"ತಪ್ಪು ಯಾರು ಮಾಡಲ್ಲ ಹೇಳಿ. ಆ ಚೀಟಿ ಕಿತ್ಕೊಂಡ್ರಲ್ಲ, ಅದು ಹೊಟ್ಟೆ ಉರೀತು. ಒಂದು ತಿಂಗ್ಳು ನನ್ ಮಗಳ ಮುಖ ನೋಡೋಕಾಗ್ತಿರ್ಲಿಲ್ಲ, ಕೆಲ್ಸ ಹೋಗುತ್ತೆ ಅಂತ ಹೇಗೆ ಹೇಳ್ಲಿ?"

ಅವರೇ ಒಂದು ಕಾಗದ ಮುಂದಕ್ಕೆ ತಳ್ಳಿದರು. "ಹೊಸದು ಬರೀರಿ. ಮುಂದೆ ಬರೋ ಮಕ್ಳು ಏನ್ ಮಾಡ್ಬೇಕು ಅಂತ ಗೊತ್ತಾಗ್ಲಿ."

"ಏನ್ ಬರೀಲಿ, ನೀವೇ ಹೇಳಿ."

"ಯಾವ್ ಕೆಲ್ಸಕ್ಕೆ ಬಾಟ್ಲಿ ಅಂತ ಮೊದ್ಲು ಕೇಳಿ. ಆಮೇಲೆ ಮೂರ್ ಸಲ ಜಾಲಿಸಿ." ಸ್ವಲ್ಪ ತಡೆದು, "ಕೇಳಿದ್ರೆ ಬೈಬಾರ್ದು ಅಂತಾನೂ ಹಾಕಿ" ಎಂದರು. ನಗುತ್ತಿರಲಿಲ್ಲ. ಹಾಕಿದೆ.

ಮೇ 31, ಬುಧವಾರ

ಆರೋಗ್ಯಾಧಿಕಾರಿ ತಮ್ಮವರಿಂದ ಎರಡು ಸಲ ಪರೀಕ್ಷೆ ಮಾಡಿಸಿದ್ದಾರೆ. ಆರು, ಏಳು. ಇವತ್ತು ಪಂಪಿನ ಬೀಗ ತೆಗೆದರು. ನಾನೇ ಬಂದು ಹೇಳುತ್ತೇನೆ ಎಂದು ಕೇಳಿಕೊಂಡಿದ್ದೆ. ಇಪ್ಪತ್ತು ಮೂವತ್ತು ಹೆಂಗಸರು ಕೊಡ ಹಿಡಿದು ಸೇರಿದ್ದರು. ಹೇಳಿದೆ. ನೀರಿನಲ್ಲಿ ಯಾವತ್ತೂ ವಿಷ ಇರಲಿಲ್ಲ, ವಿಷ ನನ್ನ ಬಾಟ್ಲಿಯಲ್ಲಿತ್ತು, ಒಂಬತ್ತು ಮುಕ್ಕಾಲು ತಿಂಗಳು ನೀವು ಸುಮ್ಮನೆ ಹೊತ್ತಿರಿ.

ಯಾರೂ ಕೂಗಾಡಲಿಲ್ಲ. ಕೂಗಾಡಲಿ ಎಂದು ಕಾದೆ. ಮುಂದೆ ನಿಂತಿದ್ದ ಅಜ್ಜಿ ಕಣ್ಣು ಕಿರಿದು ಮಾಡಿ ನೋಡಿದರು.

"ಆವತ್ತು ನಮ್ ಬಾಗ್ಲಿಗೆ ಬಂದಿದ್ದೋಳು ನೀನೇ ಅಲ್ವಾ?"

"ಹೂಂ ಅಜ್ಜಿ."

"ಆಗ್ಲೇ ಗೊತ್ತಿತ್ತಾ?"

"ಗೊತ್ತಿತ್ತು."

ಅಜ್ಜಿ ಸೊಸೆಯ ಕಡೆ ತಿರುಗಿದರು. ಪಟ್ಟು ಬಿಚ್ಚಿದ್ದಾರೆ, ಮಣಿಕಟ್ಟು ಸ್ವಲ್ಪ ಸೊಟ್ಟಗೆ ಕೂತಿದೆ. ಆ ಸೊಸೆಯೇ ಪಂಪು ಒತ್ತಿ ಒಂದು ಲೋಟ ತುಂಬಿ, ನನ್ನ ಮುಂದೆ ಹಿಡಿದಳು. "ವಿಷ ಅಂದ್ರಿ, ನಂಬಿದ್ವಿ. ಈಗ ಅಲ್ಲ ಅಂತೀರ. ಮೊದ್ಲು ನೀವು ಕುಡೀರಿ."

ಕುಡಿದೆ. ತುಂಬ ದಿನ ನಿಂತಿದ್ದ ಪಂಪು, ಕಬ್ಬಿಣದ ರುಚಿ ಇತ್ತು. ಪೂರ್ತಿ ಕುಡಿದು ಲೋಟವನ್ನು ಬೋರಲು ಮಾಡಿ ತೋರಿಸಿದೆ. ಎಲ್ಲರೂ ನನ್ನ ಗಂಟಲನ್ನೇ ನೋಡುತ್ತಿದ್ದರು.

"ನಾಳೆ ಬಾ" ಅಂದರು ಅಜ್ಜಿ. "ನೀನು ಚೆನ್ನಾಗಿದ್ರೆ ಆಮೇಲೆ ನೋಡೋಣ."

ಆಮೇಲೆ ಅಷ್ಟೂ ಜನ ಖಾಲಿ ಕೊಡ ಎತ್ತಿಕೊಂಡು, ತೆರೆದ ಪಂಪನ್ನು ಹಾಗೇ ಬಿಟ್ಟು, ರಸ್ತೆ ದಾಟಿ ಆಚೆಯ ಟ್ಯಾಂಕಿಗೆ ಹೋದರು. ಲಾರಿಗಳಿಗೆ ಕಾಯುತ್ತ, ಸಂದು ಸಿಕ್ಕಾಗ ಓಡುತ್ತ.

ಅವರು ನೀರಿಗೆ ಹೊರಡುವುದು ಬೆಳಿಗ್ಗೆ ಆರಕ್ಕೆ. ಅದಕ್ಕೆ ಮುಂಚೆ ಹೋಗಿ, ಎಲ್ಲರ ಕಣ್ಣಿಗೆ ಕಾಣುವ ಹಾಗೆ ಪಂಪಿನ ಪಕ್ಕ ನಿಲ್ಲಬೇಕು.